ಹನ್ನೊಂದು ಹೆಂಗಸರೂ ಆರಾಮ

ಯಾರಾದರೂ ಎದುರಿಗೆ ಸಿಕ್ಕು "ಹೆಂಗದೀರಿ?" ಅಂತ ಕೇಳಿದರೆ ನೀವು ಏನು ಹೇಳುತ್ತೀರಿ? ಖರೇ ಹೇಳಿ. ಹಲ್ಲು ನೋಯುತ್ತಿದ್ದರೂ, ಮನೆಯಲ್ಲಿ ಜಗಳ ಮಾಡಿ ಈಗಷ್ಟೇ ಹೊರಗೆ ಬಂದಿದ್ದರೂ, ವಾರದಿಂದ ಊಟ ಸೇರದಿದ್ದರೂ "ಆರಾಮ್ರೀ" ಅನ್ನುತ್ತೀರೋ ಇಲ್ಲವೋ? ಅನ್ನುತ್ತೀರಿ, ನನಗೆ ಗೊತ್ತು. ಅರವತ್ತೆಂಟು ವರ್ಷ ನಾನೂ ಅದನ್ನೇ ಅಂದವಳು. ಆ ಒಂದು ಮಾತಿನಿಂದ ಒಬ್ಬ ಹುಡುಗಿಯ ನೌಕರಿ ಹೋಗುವುದರಲ್ಲಿತ್ತು. ನಂಬಿಕೆ ಬರಲಿಲ್ಲವಾದರೆ ಮುಂದೆ ಓದಿ. ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆದಿದ್ದೇನೆ, ನನ್ನ ಬೆರಳಿಗಾದರೂ ಮರ್ಯಾದೆ ಕೊಡಿ.

ನಾನು ಹುಟ್ಟಿದ್ದು ಆಳಂದ ತಾಲೂಕಿನ ಸರಸಂಬಾದಲ್ಲಿ. ಅಲ್ಲಿ ನೀರು ಬಾವಿಯ ತಳದಲ್ಲಿ ತೆಪ್ಪಗೆ ಕೂತಿರುತ್ತಿತ್ತು, ನಾವು ಕೊಡ ಇಳಿಸಿದಾಗ ಮಾತ್ರ ಮೇಲೆ ಬರುತ್ತಿತ್ತು. ಮದುವೆಯಾಗಿ ಬಂದದ್ದು ಅಫಜಲಪುರ ತಾಲೂಕಿನ ಮಣ್ಣೂರಿಗೆ, ಭೀಮಾ ಹೊಳೆಯ ದಂಡೆಗೆ. ಇಲ್ಲಿಯ ನೀರಿಗೆ ಅಷ್ಟು ಸಂಕೋಚವಿಲ್ಲ. ಒಂದು ವರ್ಷ ಯಾರೂ ಕರೆಯದೆ ಮನೆಯೊಳಗೇ ಬಂದುಬಿಟ್ಟಿತು. ಊರಿನವರೆಲ್ಲ ಎತ್ತರದಲ್ಲಿದ್ದ ಶಾಲೆಗೆ ಹೋಗಿ ಕೂತೆವು. ನೀರು ಇಳಿದ ಮೇಲೆ ಬಂದು, ಕೆಸರು ತೆಗೆದು, ಗೋಡೆಗೆ ಸುಣ್ಣ ಹಚ್ಚಿ, ಎಲ್ಲರೂ ಮೊದಲಿನಂತೆ ರೊಟ್ಟಿ ಬಡಿಯಲು ಕೂತರು. ನಾನೂ ಕೂತೆ. ಆದರೆ ಶಾಲೆಗೆ ಹೋಗುವಾಗ ಹಳೆಯ ಕೌದಿಯಲ್ಲಿ ಕಟ್ಟಿಕೊಂಡ ಗಂಟನ್ನು ಮಾತ್ರ ಬಿಚ್ಚಲಿಲ್ಲ. ಬಾಗಿಲ ಹಿಂದೆ ಇಟ್ಟೆ. ಅದು ಅಲ್ಲೇ ಉಳಿಯಿತು.

ಉಳಿಯಿತು ಅಂದರೆ ಬೆಳೆಯಿತು. ಎರಡು ಸೀರೆ, ರೇಶನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಕಡ್ಡಿಪೆಟ್ಟಿಗೆ ಮೊದಲೇ ಇದ್ದವು. ಆಮೇಲೆ ಒಂದು ಬಾಚಣಿಗೆ ಸೇರಿತು, ಒಂದು ಡಬ್ಬಿ ಜೋಳದ ಹಿಟ್ಟು ಸೇರಿತು (ಹುಳ ಬೀಳಬಾರದೆಂದು ತಿಂಗಳಿಗೊಮ್ಮೆ ಬದಲಿಸುತ್ತಿದ್ದೆ), ಗೋಡೆಯ ಮೇಲಿದ್ದ ದೇವರ ಪಟ ಸೇರಿತು, ಮೊಮ್ಮಕ್ಕಳ ಹಳೆಯ ಸ್ವೆಟರುಗಳು ಸೇರಿದವು. ಒಂದು ಸ್ಟೀಲಿನ ಗ್ಲಾಸೂ ಸೇರಿತು. ಆ ಗ್ಲಾಸಿನ ವಿಷಯ ಆಮೇಲೆ ಹೇಳುತ್ತೇನೆ. ಪಡುವಣದಲ್ಲಿ ಒಂದು ಮೋಡ ಕಂಡರೆ ಸಾಕು, ನಾನು ಹೋಗಿ ಗಂಟಿನ ಮೇಲೆ ಕೂರುತ್ತಿದ್ದೆ.

"ಅತ್ತಿ, ಎಲ್ಲಿಗ್ ಹೊಂಟ್ರಿ?" ಎಂದು ಸೊಸೆ ನಗುತ್ತಿದ್ದಳು.

"ತವರಮನಿಗ್ ಹೊಂಟೇನಿ ಬೇ. ನಿಮ್ಮ ಮಾವ ಇನ್ನೊಂದ್ ಲಗ್ನಾ ಮಾಡ್ಕೋಳಾಕತ್ತಾನಂತ."

ಮಾವ, ಅಂದರೆ ನನ್ನ ಗಂಡ, ಅಂಗಳದಲ್ಲಿ ಕೂತು ತಂಬಾಕು ತಿಕ್ಕುತ್ತ "ಹುಡುಗಿ ಸಿಕ್ಕಾಳೇನು?" ಎಂದು ಕೇಳುತ್ತಿದ್ದ. ಮನೆಯೆಲ್ಲ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ. ಎದೆ ಮಾತ್ರ ಒಳಗೆ ಧಡಧಡ ಹೊಡೆದುಕೊಳ್ಳುತ್ತಿತ್ತು. ನಗುವ ಮುದುಕಿಯ ಎದೆಗೆ ಕಿವಿ ಇಟ್ಟು ಕೇಳುವವರು ಯಾರು?

ಆ ಹುಡುಗಿ ಬಂದದ್ದು ಇಂಥ ದಿನಗಳಲ್ಲಿ. ಜೇವರ್ಗಿಯವಳು. ಮನಸ್ಸಿನ ತ್ರಾಸ ಇದ್ದವರ ಜೊತೆ ಮಾತಾಡುವುದನ್ನೇ ಓದಿ ಪಾಸಾದವಳಂತೆ. ಅಫಜಲಪುರದ ದವಾಖಾನೆಯಲ್ಲಿ ಅವಳನ್ನು ಕರಾರಿನ ಮೇಲೆ ತೆಗೆದುಕೊಂಡಿದ್ದರು. ಪ್ರತಿ ಮಂಗಳವಾರ ಬಸ್ಸು ಹತ್ತಿ ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಬರುತ್ತಿದ್ದಳು. ಗುಳಿಗೆ ಇಲ್ಲ, ಸೂಜಿ ಇಲ್ಲ, ಎರಡು ಕುರ್ಚಿ, ಒಂದು ರಿಜಿಸ್ಟರು. ಊರಿನವರು ಅವಳಿಗೆ ಮಾತಿನ ಮೇಡಂ ಎಂದು ಹೆಸರಿಟ್ಟರು.

ಮೊದಲ ಮಂಗಳವಾರ ನಾನು ಹೋದದ್ದು ಆಪಾಳ ಜೊತೆಗೆ. ಆಪಾ ನಮ್ಮ ಪಕ್ಕದ ಮನೆಯವಳು, ಹೊಲಿಗೆ ಮಶಿನ್ನಿನವಳು. ನಾನು ಅವಳಿಗೆ ಆಪಾ ಅನ್ನುತ್ತೇನೆ, ಅವಳು ನನಗೆ ಅಕ್ಕಾ ಅನ್ನುತ್ತಾಳೆ, ಎರಡರ ಅರ್ಥವೂ ಒಂದೇ. ದೊಡ್ಡವಳು ತಾನು ಎಂದು ಒಪ್ಪಲು ಇಬ್ಬರೂ ತಯಾರಿಲ್ಲ. ಉಪಕೇಂದ್ರದ ಬಾಗಿಲಲ್ಲಿ ನಾನು ಹೇಳಿದೆ:

"ನನಗೇನ್ ಇಲ್ರೀ ಮೇಡಂ. ಈಕೀಗಿ ಸ್ವಲ್ಪ ಪರೇಶಾನಿ ಅದ. ಒಬ್ಬಾಕೀನ ಹೆಂಗ್ ಕಳಸೂದಂತ ಜೋಡಿ ಬಂದೇನಿ."

ಆಪಾ ಸೆರಗು ಸರಿಮಾಡಿಕೊಂಡು ಹೇಳಿದಳು: "ನಕ್ಕೋ ಅಕ್ಕಾ, ಸುಳ್ಳ ಹೇಳಬ್ಯಾಡ. ಈಕೀ ಸಲುವಾಗಿ ನಾ ಬಂದೇನ್ರೀ. ನಾ ಆರಾಮ ಅದೇನಿ."

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. ರಿಜಿಸ್ಟರು ತೆರೆದು ಇಬ್ಬರ ಹೆಸರನ್ನೂ ಬರೆದುಕೊಂಡಳು. ಆಗಲೇ ನನಗೆ ತಿಳಿಯಿತು, ಈಕೆ ಸಾಮಾನ್ಯದವಳಲ್ಲ ಅಂತ.

ಅವಳ ಕೆಲಸದ ರೀತಿ ಹೀಗಿತ್ತು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಮುಂದೆ ಮಾಡುತ್ತಿದ್ದಳು. ಹೆದರಿಕೆ ಎಷ್ಟು ಎಂದು ಹತ್ತರಲ್ಲಿ ಲೆಕ್ಕ ಕೇಳುತ್ತಿದ್ದಳು. ನಾನು ಮೊದಲ ಸಲ "ಹನ್ನೆರಡು" ಅಂದೆ. ಅವಳು ನಗಲಿಲ್ಲ. "ಎರಡು ಹೆಚ್ಚಿಗಿ ಯಾವುದಕ್ಕ, ಆಯಿ?" ಎಂದು ಕೇಳಿದಳು. ಅರವತ್ತೆಂಟು ವರ್ಷದಲ್ಲಿ ನನ್ನ ಜೋಕಿಗೆ ನಗದೆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಗಂಟಿನ ವಿಷಯ ಬಾಯಿಂದ ತಾನೇ ಹೊರಗೆ ಬಿತ್ತು.

ಗಂಟು ಬಿಚ್ಚು ಎಂದು ಅವಳು ಹೇಳಲಿಲ್ಲ. ವಾರಕ್ಕೊಂದು ವಸ್ತು ತೆಗೆದು ಅದರ ಜಾಗದಲ್ಲಿ ಇಡಬೇಕು, ಅಷ್ಟೇ. ಇಟ್ಟ ಮೇಲೆ ಎದೆ ಹೊಡೆದುಕೊಂಡರೆ ಅಲ್ಲೇ ಕೂತು ಉಸಿರು ಎಳೆದು ಬಿಡಬೇಕು, ಅದು ಇಳಿಯುವವರೆಗೆ ಕಾಯಬೇಕು. ಮೊದಲ ವಾರ ಬಾಚಣಿಗೆ ಹೊರಬಿತ್ತು. ಬಾಚಣಿಗೆ ಗೂಡಿನಲ್ಲಿಟ್ಟು ಅದರ ಎದುರು ಕಾವಲು ಕೂತ ಹಾಗೆ ಕೂತಿದ್ದೆ. ಹೊಳೆ ಬರಲಿಲ್ಲ. ಎರಡನೆಯ ವಾರ ಸ್ವೆಟರು. ಹೊಳೆ ಆಗಲೂ ಬರಲಿಲ್ಲ. ಹೀಗೆ ಗಂಟು ಸಣ್ಣದಾಗುತ್ತ ಬಂತು. ಸೊಸೆಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಉಪಕೇಂದ್ರಕ್ಕೆ ಏಕೆ ಹೋಗುತ್ತೀ ಎಂದರೆ "ಆಪಾನ ಜೋಡಿ" ಅನ್ನುತ್ತಿದ್ದೆ. ಆಪಾಳ ಮನೆಯಲ್ಲಿ ಕೇಳಿದರೆ "ಅಕ್ಕಾನ ಜೋಡಿ" ಅನ್ನುತ್ತಿದ್ದಳು.

ನಾವಿಬ್ಬರೇ ಅಲ್ಲ, ಒಟ್ಟು ಹನ್ನೊಂದು ಹೆಂಗಸರು ಹೋಗುತ್ತಿದ್ದೆವು. ಎಲ್ಲರೂ ಯಾರದೋ ಜೋಡಿ ಹೋಗುವವರೇ!

ಒಂದು ಮಂಗಳವಾರ ಹುಡುಗಿ ಬಂದಾಗ ಅವಳ ಮುಖ ಬಾಡಿತ್ತು. ಚಹಾ ಕೊಟ್ಟರೆ ಕುಡಿಯದೆ ಹಿಡಿದುಕೊಂಡೇ ಕೂತಳು. ಆಪಾ ಕೇಳಿದಳು: "ಕ್ಯಾ ಹುವಾ ಬೇಟಾ? ಹೆಂಗದೀ?"

"ಆರಾಮ ಅದೇನ್ರೀ" ಅಂದಳು.

ಅವಳೂ ನಮ್ಮವಳೇ ಅಲ್ಲವೇ? ಆಪಾ ಬಿಡಲಿಲ್ಲ. ಹತ್ತರಲ್ಲಿ ಎಷ್ಟು ಎಂದು ಕೇಳಿದಳು. ಹುಡುಗಿಯ ಕಣ್ಣು ತುಂಬಿತು, ಆಮೇಲೆ ಮಾತು ಬಂತು.

ವಿಷಯ ಇಷ್ಟು. ನಮ್ಮ ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಮೊದಲು ಹೊಟ್ಟೆ ಕೊಯ್ದರೆ, ಕಾಲು ಮುರಿದರೆ ಮಾತ್ರ ವಿಮೆಯವರು ದುಡ್ಡು ಕೊಡುತ್ತಿದ್ದರು. ಮನಸ್ಸಿನ ಬಗ್ಗೆ ಮಾತಾಡಿಸುವವರಿಗೂ ಕೊಡುತ್ತೇವೆ ಎಂದು ಹೊಸದಾಗಿ ಸೇರಿಸಿದ್ದರಂತೆ, ನಮ್ಮ ಕಡೆ ಪರೀಕ್ಷೆ ಮಾಡಿ ನೋಡಲು. ಹುಡುಗಿಯ ಪಗಾರ ಬರಬೇಕಾದದ್ದು ಅದರಿಂದಲೇ. ಅವಳು ನಮ್ಮ ಕಾರ್ಡಿನ ನಂಬರು ಹಾಕಿ ಬಿಲ್ ಕಳಿಸುತ್ತಾಳೆ. ವಿಮೆ ಕಚೇರಿಯವರು ನಮಗೆ ಫೋನು ಮಾಡಿ ಹೌದೋ ಅಲ್ಲವೋ ಎಂದು ಕೇಳುತ್ತಾರೆ. ನಾವು ಹೌದು ಅಂದರೆ ಬಿಲ್ ಪಾಸು. ಹನ್ನೊಂದು ಜನಕ್ಕೂ ಫೋನು ಬಂದಿತ್ತು. ಹನ್ನೊಂದು ಜನರ ಬಿಲ್ಲೂ ವಾಪಸು ಬಂದಿತ್ತು.

"ಯಾಕಂತ?" ಅಂದೆ ನಾನು, ವಿಮೆಯವರ ಮೇಲೆ ಸಿಟ್ಟಿನಿಂದ.

ಹುಡುಗಿ ಕಾಗದ ತೆಗೆದು ಓದಿದಳು: "ತಾನು ಆರಾಮವಾಗಿದ್ದೇನೆ ಎಂದು ಫಲಾನುಭವಿ ತಿಳಿಸಿದ್ದಾರೆ. ಯಾವುದೇ ಚಿಕಿತ್ಸೆ ಪಡೆದಿಲ್ಲ ಎಂದಿದ್ದಾರೆ." ಕೆಳಗಿನ ಸಾಲು ಓದಿದಳು, ಅದೂ ಅದೇ. ಅದರ ಕೆಳಗಿನದೂ ಅದೇ.

ನನಗೆ ಬಂದ ಫೋನು ಚೆನ್ನಾಗಿ ನೆನಪಿತ್ತು. ಪುಸ್ತಕದ ಕನ್ನಡ ಮಾತಾಡುವ ಒಬ್ಬ ಸಾಹೇಬ. ನಾನು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ.

"ಅಮ್ಮಾ, ಹೇಗಿದ್ದೀರಿ?"

"ಆರಾಮ ಅದೇನ್ರೀ ಯಪ್ಪಾ. ನೀವು ಆರಾಮ? ಮನ್ಯಾಗ ಎಲ್ಲಾರೂ ಆರಾಮ?"

"ನಿಮಗೆ ಏನಾದರೂ ಮಾನಸಿಕ ತೊಂದರೆ ಇದೆಯಾ?"

"ನನಗ್ಯಾಕ್ ಇರ್ತದ್ರೀ? ನಿಮಗ ಅದ ಏನು?"

"ಉಪಕೇಂದ್ರದಲ್ಲಿ ನಿಮಗೆ ಚಿಕಿತ್ಸೆ ಕೊಟ್ಟಿದ್ದಾರಾ?"

"ಇಲ್ಲ ಬಿಡ್ರೀ. ಒಂದ್ ಗುಳಿಗಿ ಸುದ್ದಾ ಕೊಟ್ಟಿಲ್ಲ. ಸುಮ್ನ ಮಾತಾಡ್ಕೋತ ಕುಂತಿರ್ತೇವಿ. ಚಹಾ ಸೈತ ನಾವೇ ಕುಡಸ್ತೇವಿ. ಭಾಳ ಚಲೋ ಹುಡುಗಿ."

ಹುಡುಗಿಯನ್ನು ಬಹಳ ಹೊಗಳಿದೆನೆಂದು ಹೆಮ್ಮೆಪಟ್ಟುಕೊಂಡು ಮತ್ತೆ ಮೆಣಸಿನಕಾಯಿಗೆ ಕೂತಿದ್ದೆ. ಆಪಾ ಮುಂದಕ್ಕೂ ಹೋಗಿದ್ದಳಂತೆ. ಸಾಹೇಬನಿಗೆ "ನಮ್ಮೂರಾಗ ಹುಚ್ಚರು ಯಾರೂ ಇಲ್ರೀ, ನೀವು ಬೇಫಿಕರ್ ಇರ್ರಿ" ಎಂದು ಧೈರ್ಯ ಹೇಳಿದ್ದಳಂತೆ.

"ಮೂರ್ ತಿಂಗಳಾತ್ರೀ ಪಗಾರ ಇಲ್ಲ" ಅಂದಳು ಹುಡುಗಿ. "ಮತ್ತೊಮ್ಮೆ ಕೇಳ್ರಿ ಅಂತ ಅರ್ಜಿ ಹಾಕೇನಿ. ಬರೂ ಮಂಗಳವಾರ ಹನ್ನೊಂದಕ್ಕ ಸಾಹೇಬ್ರು ಫೋನ್ ಮಾಡ್ತಾರ. ಎಲ್ಲಾರ ಜೋಡೀನೂ ಅವತ್ತೇ ಮಾತಾಡ್ತಾರ. ಆವಾಗ್ಲೂ ಹಿಂಗಾದ್ರ ಈ ಊರಿನ ಮಂಗಳವಾರ ಬಂದ್. ನನ್ನ ಕರಾರೂ ಬಂದ್. ಜೇವರ್ಗ್ಯಾಗ ನಮ್ಮ ಕಾಕಾನ ಬಟ್ಟಿ ಅಂಗಡಿ ಅದ. ಸೀರಿ ಮಡಚಾಕ ಬಾ ಅನ್ಲಾಕತ್ತಾನ."

ನನ್ನ ಗಂಟಿನಲ್ಲಿ ಇನ್ನೂ ನಾಲ್ಕು ವಸ್ತು ಉಳಿದಿದ್ದವು. ಮಳೆಗಾಲ ಬರುವುದಿತ್ತು.

ಮರುದಿನವೇ ಆಪಾಳ ಮನೆಯ ಕಟ್ಟೆಯ ಮೇಲೆ ಹನ್ನೊಂದೂ ಜನರನ್ನು ಕೂಡಿಸಿದೆ. ನಾನೇ ಸಾಹೇಬಳಾದೆ. ಚಪಾತಿ ಲಟ್ಟಿಸುವ ಲತ್ತುಡಿಯನ್ನು ಕಿವಿಗೆ ಹಿಡಿದು, ಗಂಟಲು ದಪ್ಪ ಮಾಡಿ ಕೇಳಿದೆ: "ಅಮ್ಮಾ, ಹೇಗಿದ್ದೀರಿ?"

ಹನ್ನೊಂದು ಬಾಯಿ ಒಟ್ಟಿಗೆ ತೆರೆದವು. "ಆರಾಮ್ರೀ!"

ಲೆಕ್ಕ ಹಾಕಿ ನೋಡಿ. ಅದರಲ್ಲಿ ಹನ್ನೊಂದನೆಯ ಬಾಯಿ ನನ್ನದೇ.

"ಅಯ್ಯ, ನಿಮ್ಮ ಆರಾಮಕ್ಕ ಬೆಂಕಿ ಹಚ್ಚಲಿ! ಆರಾಮ ಇಲ್ಲ ಅನ್ರಿ ಬೇ!"

"ಹೆಂಗ್ ಅನ್ನೂದ್ ಬೇ?" ಎಂದಳು ಹಿಟ್ಟಿನ ಗಿರಣಿಯವನ ಹೆಂಡತಿ. "ಆರಾಮ ಇಲ್ಲ ಅಂದ್ರ ಯಾಕಂತ ಕೇಳ್ತಾನ. ಪರರ ಗಂಡಸಿಗಿ ಅದನ್ನೆಲ್ಲಾ ಏನಂತ ಹೇಳ್ಲಿ?"

"ಫೋನಿನಾಗ ಗಂಡಸು ಅರ್ಧಾನೇ ಇರ್ತಾನ. ಬರೇ ಬಾಯಿ. ಹೇಳು."

ಮತ್ತೆ ಕೇಳಿದೆ. ಈ ಸಲ ಒಬ್ಬಳು "ಆರಾಮ ಇಲ್ರೀ" ಅಂದಳು, ತಕ್ಷಣ ನಾಲಿಗೆ ಕಚ್ಚಿಕೊಂಡು "ಹಂಗೇನೂ ಇಲ್ರೀ, ಅದೇನಿ" ಎಂದು ಸೇರಿಸಿದಳು. ಐದಾರು ಸಲ ಆದಮೇಲೆ ನಾಚಿಕೆ ಬಿಟ್ಟಿತು. ಬಿಟ್ಟದ್ದು ಪೂರ್ತಿಯೇ ಬಿಟ್ಟಿತು. ಗಿರಣಿಯವಳು ತನಗೆ ಎರಡೂ ಕಾಲು ಬಿದ್ದುಹೋಗಿವೆ ಎಂದಳು. ಇನ್ನೊಬ್ಬಳು ಹದಿನೈದು ದಿನದಿಂದ ಮಲಗಿದಲ್ಲೇ ಇದ್ದೇನೆ ಎಂದು ಎದ್ದುನಿಂತು ಹೇಳಿದಳು. ಆಪಾ "ಹಾಯ್ ಅಲ್ಲಾ, ಮೈ ಮರ್ ಗಯೀ" ಎನ್ನುತ್ತ ಕಣ್ಣುಗುಡ್ಡೆ ಮೇಲೆ ಮಾಡಿ ನನ್ನ ಮೇಲೇ ಉರುಳಿದಳು. ನಾವೆಲ್ಲ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಅಂಗಳದ ಕೋಳಿಗಳೂ ಹೆದರಿ ಓಡಿದವು.

ತಲೆ ಎತ್ತಿ ನೋಡಿದರೆ ಹುಡುಗಿ ನಿಂತಿದ್ದಾಳೆ. ಪಕ್ಕದ ಊರಿಗೆ ಬಂದವಳು ಹಾದುಹೋಗುವಾಗ ಸದ್ದು ಕೇಳಿ ಬಂದಿದ್ದಳು.

"ಇದು ನಕ್ಕೋ ಆಯಿ" ಅಂದಳು. ಆಪಾಳ ಮಾತು ಅವಳಿಗೂ ಅಂಟಿತ್ತು. "ಸುಳ್ಳ ಹೇಳಬ್ಯಾಡ್ರಿ. ಸುಳ್ಳ ಹೇಳಿ ಬಂದ ಪಗಾರ ನನಗ ಬ್ಯಾಡ. ಖರೇ ಏನದ ಅಷ್ಟು ಹೇಳ್ರಿ, ಸಾಕು."

ನಾವೆಲ್ಲ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆವು. ಎರಡೂ ಕಾಲು ಬಿದ್ದಿವೆ ಎನ್ನುವುದು ಎಷ್ಟು ಸುಲಭವಿತ್ತು ನೋಡಿ. ಮೋಡ ಕಂಡರೆ ಗಂಟಿನ ಮೇಲೆ ಕೂರುತ್ತೇನೆ ಎನ್ನುವುದೇ ಕಠಿಣ.

ನನಗೊಂದು ಉಪಾಯ ಹೊಳೆಯಿತು. ಬಾಯಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ಅದು ಆರಾಮ ಅಂದೇ ಅನ್ನುತ್ತದೆ. ಬರೆದಿಟ್ಟುಕೊಂಡರೆ ಫೋನು ಬಂದಾಗ ನೋಡಿಕೊಂಡು ಓದಬಹುದು. ನಾಲ್ಕನೆಯ ಇಯತ್ತೆ ಓದಿದವಳು ನಾನು, ಆದರೆ ಪೆನ್ನು ಹಿಡಿದು ಎಷ್ಟೋ ವರ್ಷವಾಗಿತ್ತು, ಕೈ ನಡುಗುತ್ತದೆ. ಫೋನಿನಲ್ಲಾದರೆ ಅಕ್ಷರ ಗುಂಡಗೆ ತಾನೇ ಬರುತ್ತದೆ. ಸೊಸೆಯ ಹತ್ತಿರ ಹೋದೆ.

"ನನಗ ಫೋನಿನ್ಯಾಗ ಬರ್ಯಾಕ ಕಲಸು."

"ಯಾರಿಗ್ ಬರೀತೀರಿ, ಅತ್ತಿ?"

"ಒಬ್ಬ ಸಾಹೇಬಗ. ನಿಮ್ಮ ಮಾವಗ ಹೇಳಬ್ಯಾಡ."

ಸೊಸೆ ಎರಡು ದಿನ ನಕ್ಕಳು, ನಗುತ್ತಲೇ ಕಲಿಸಿದಳು. ಕ ಒತ್ತಿದರೆ ಕ, ಅದರ ಪಕ್ಕ ಕೊಂಬು ಒತ್ತಿದರೆ ಕು. ಒತ್ತಕ್ಷರ ಬಂದರೆ ಮೂರು ಸಲ ಒತ್ತಬೇಕು. ನಾನು ಎರಡಕ್ಷರ ಬರೆಯುವುದರೊಳಗೆ ಫೋನು ತಾನೇ ಮುಂದಿನ ಶಬ್ದ ಹೇಳಿಕೊಡುತ್ತದೆ, ನಮ್ಮ ನೆಗೆಣ್ಣಿಯ ಹಾಗೆ. ನಾನು "ನಾನು" ಎಂದು ಒತ್ತಿದ ಕೂಡಲೇ ಅದು "ಚೆನ್ನಾಗಿದ್ದೇನೆ" ಎಂದು ತೋರಿಸಿತು. ನೋಡಿ, ಫೋನಿಗೂ ಅದೇ ರೂಢಿ! ಅದನ್ನು ಅಳಿಸಿ, ಬಲು ಹೊತ್ತು ಒತ್ತಿ, ಮೂರನೆಯ ದಿನ ಎರಡು ಸಾಲು ಮಾಡಿದೆ: ನಾನು ಆರಾಮ ಇರಲಿಲ್ಲ. ಮೋಡ ಕಂಡರೆ ನನಗೆ ಹೆದರಿಕೆ.

ಹಿಂದೆ ನಿಂತು ಓದುತ್ತಿದ್ದ ಸೊಸೆಯ ನಗು ನಿಂತಿತು.

"ಅತ್ತಿ, ಇದು ಖರೇ ಏನ್ರೀ?"

"ಸುಳ್ಳ ಬರ್ಯಾಕ ಇಷ್ಟ್ ತ್ರಾಸ ಯಾರ್ ತಗೋತಾರ ಬೇ?"

ಅವಳು ನನ್ನ ಪಕ್ಕದಲ್ಲಿ ಕೂತಳು. "ಎಲ್ಲಿಗ್ ಹೊಂಟ್ರಿ ಅಂತ ದಿನಾ ನಗತಿದ್ನೆಲ್ರೀ ನಾ…"

"ನಾನೂ ನಗತಿದ್ನೆಲ್ಲ. ಅದನ್ನ ಬಿಡು, ಗಂಟು ಅನ್ನಾಕ ಸೊನ್ನಿ ಎಲ್ಲದ ತೋರ್ಸು."

ತೋರಿಸಿದಳು. ನಾನು ಗಂಟಿನಲ್ಲಿದ್ದ ವಸ್ತುಗಳನ್ನು ಒಂದೊಂದಾಗಿ ಬರೆಯುತ್ತ ಹೋದೆ. ಬಾಚಣಿಗೆ, ಸ್ವೆಟರು, ಸ್ಟೀಲಿನ ಗ್ಲಾಸು. ಅಲ್ಲಿಗೆ ಸೊಸೆ ಎದ್ದುನಿಂತಳು.

"ಗ್ಲಾಸು? ನನ್ನ ತವರಮನಿ ಗ್ಲಾಸು? ಅದು ಗಂಟಿನ್ಯಾಗಿತ್ತಾ?"

ಈಗ ಆ ಗ್ಲಾಸಿನ ವಿಷಯ. ಅವಳ ತವರಿನಿಂದ ಬಂದ ಆರು ಗ್ಲಾಸುಗಳಲ್ಲಿ ಒಂದು ಕಾಣೆಯಾಗಿ ಎರಡು ವರ್ಷವಾಗಿತ್ತು. ಮಜ್ಜಿಗೆ ಒಯ್ದ ಆಪಾ ವಾಪಸು ಕೊಟ್ಟಿಲ್ಲ ಎಂದು ಸೊಸೆ ತೀರ್ಮಾನ ಮಾಡಿ, ಆಪಾಳಿಗೆ ಅಂದಿನಿಂದ ಮಜ್ಜಿಗೆಯನ್ನು ಒಡೆದ ಕಪ್ಪಿನಲ್ಲೇ ಕೊಡುತ್ತಿದ್ದಳು. ಮೂರನೆಯ ಮಂಗಳವಾರ ನಾನು ಗ್ಲಾಸನ್ನು ಗಂಟಿನಿಂದ ತೆಗೆದು ಸದ್ದಿಲ್ಲದೆ ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಾಗ ಇದೇ ಸೊಸೆ "ಮುದುಕಿಗಿ ಈಗ ದೇವರು ಬುದ್ಧಿ ಕೊಟ್ಟ, ತಂದ್ ಇಟ್ಟಾಳ" ಎಂದು ಆಪಾಳ ಮನೆಯ ಕಡೆ ನೋಡಿದ್ದಳು. ನಾನು ಹೌದ್ಹೌದು ಅಂದಿದ್ದೆ.

ಅಂದು ಸಂಜೆ ಸೊಸೆ ಅದೇ ಗ್ಲಾಸಿನಲ್ಲಿ ಮಜ್ಜಿಗೆ ತುಂಬಿ ಆಪಾಳ ಮನೆಗೆ ಒಯ್ದಳು. ಆಪಾ ಗ್ಲಾಸನ್ನು ತಿರುಗಿಸಿ ತಿರುಗಿಸಿ ನೋಡಿ, "ಇವತ್ತೇನ್ ಈದ್ ಏನು?" ಎಂದು ಕೇಳಿದಳಂತೆ.

ಮಂಗಳವಾರ ಬಂತು. ಫೋನು ನಡೆಯುವಾಗ ಮೇಡಂ ಹತ್ತಿರ ಇರಬಾರದು ಎಂಬುದು ನಿಯಮವಂತೆ. ಹುಡುಗಿ ರಸ್ತೆಯಾಚೆ ಬೇವಿನ ಗಿಡದ ಕೆಳಗೆ ಹೋಗಿ ಕೂತಳು. ಉಪಕೇಂದ್ರದೊಳಗೆ ನಾವು ಹನ್ನೊಂದು ಜನ ಚಾಪೆಯ ಮೇಲೆ. ಮೊದಲ ಹೆಸರು ನನ್ನದು. ನಾನು ಬರೆದದ್ದನ್ನು ತೆರೆದಿಟ್ಟುಕೊಂಡು, ಕನ್ನಡಕ ಹಾಕಿಕೊಂಡು, ಪರೀಕ್ಷೆಗೆ ಕೂತವಳ ಹಾಗೆ ಕೂತಿದ್ದೆ. ಹನ್ನೊಂದಕ್ಕೆ ಸರಿಯಾಗಿ ಫೋನು ರಿಂಗಾಯಿತು.

ನಾನು ಬರೆದದ್ದೆಲ್ಲ ಮಾಯ. ಅದರ ಜಾಗದಲ್ಲಿ ಸಾಹೇಬನ ನಂಬರು ಕುಣಿಯುತ್ತಿತ್ತು. ಯಾವ ಫೋನಿನಲ್ಲಿ ಬರೆದಿದ್ದೆನೋ ಅದೇ ಫೋನಿಗೆ ಕರೆ ಬರುತ್ತದೆ ಎಂಬುದು ನನ್ನ ತಲೆಗೂ ಹೊಳೆದಿರಲಿಲ್ಲ, ಕಲಿಸಿದ ಸೊಸೆಯ ತಲೆಗೂ ಹೊಳೆದಿರಲಿಲ್ಲ. ಅಕ್ಷರ ಒಳಗೆ, ನಾನು ಹೊರಗೆ.

"ಎತ್ತು ಅಕ್ಕಾ, ಎತ್ತು!" ಎಂದು ಆಪಾ ತಾನೇ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಇಟ್ಟಳು.

"ಅಮ್ಮಾ, ಹೇಗಿದ್ದೀರಿ?"

"ಆರಾ…" ಅಂದೆ. ಆಪಾ ನನ್ನ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಆ ಕಲೆ ಒಂದು ವಾರ ಇತ್ತು. "ಅಯ್ಯಯ್ಯೋ!" ಎಂದು ಕೂಗಿದೆ. ಗಿರಣಿಯವಳಿಗೆ ನಗು ತಡೆಯಲಾಗಲಿಲ್ಲ, ಅವಳಿಂದ ನನಗೆ ಹತ್ತಿತು. ಅಳುವುದಕ್ಕಿಂತ ಕಷ್ಟದ ಗಳಿಗೆಯಲ್ಲಿ ನಾನು ಕುಲುಕುಲು ನಗುತ್ತ ಕೂತಿದ್ದೇನೆ.

"ಅಮ್ಮಾ, ನೀವು ನಗ್ತಾ ಇದ್ದೀರಿ" ಎಂದಿತು ಫೋನು. "ನಿಮಗೆ ಮನಸ್ಸಿನ ತೊಂದರೆ ಇತ್ತು ಅಂತ ನಾನು ಹೇಗೆ ಬರೀಲಿ?"

ಎಲ್ಲರ ನಗುವೂ ನಿಂತಿತು. ಕಿಟಕಿಯಿಂದ ನೋಡಿದರೆ ಬೇವಿನ ಗಿಡದ ಕೆಳಗೆ ಹುಡುಗಿ ಎದ್ದುನಿಂತಿದ್ದಳು. ನಮ್ಮ ನಗು ಅವಳಿಗೆ ಕೇಳಿಸಿತ್ತು. ಬಿಲ್ ಮುಳುಗಿತು ಎಂದುಕೊಂಡಿರಬೇಕು, ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು.

"ಸಾಹೇಬ್ರೇ" ಅಂದೆ. "ನಾ ಮೊದಲೂ ನಗತಿದ್ದೆ. ಆದ್ರ ಗಂಟಿನ ಮ್ಯಾಲ ಕುಂತು ನಗತಿದ್ದೆ."

"ಯಾವ ಗಂಟು?"

ಹೇಳಿದೆ. ಹೊಳೆ ಬಂದದ್ದು, ಕೌದಿ ಕಟ್ಟಿದ್ದು, ಮೋಡ, ಎದೆ, ಹನ್ನೆರಡು ಅಂದದ್ದು. ಬಾಚಣಿಗೆಯ ಎದುರು ಕೂತು ಉಸಿರು ಎಳೆದದ್ದು. ವಾರಕ್ಕೊಂದರಂತೆ ಯಾವ ಯಾವ ವಸ್ತು ಹೊರಬಂತು, ಎಲ್ಲಿ ಇಟ್ಟೆ, ಎಲ್ಲ ಹೇಳಿದೆ. ಗ್ಲಾಸಿನ ವಿಷಯ ಬಂದಾಗ ಆಪಾ "ಹೌದಾ? ಅದಕ್ಕಾ ಒಡಕ ಕಪ್ಪು?" ಎಂದು ನಡುವೆ ಬಾಯಿ ಹಾಕಿದಳು. ಅವಳನ್ನು ಸುಮ್ಮನಿರಿಸಿ ಮುಂದೆ ಹೇಳಿದೆ: "ಆಕಿ ಗುಳಿಗಿ ಕೊಡಲಿಲ್ಲ, ಖರೇ. ಆದ್ರ ಸೀರಿ ಪೆಟ್ಟಿಗ್ಯಾಗ ಹೋದ್ವು, ಪಟ ಗ್ವಾಡಿ ಮ್ಯಾಲ ಹೋತು. ಹನ್ನೆರಡು ಇದ್ದದ್ದು ಐದಕ್ಕ ಬಂದದ. ಇದಕ್ಕ ನಿಮ್ಮ ಕಾಗದದಾಗ ಏನಂತಾರೋ ಅದನ್ನ ಬರಕೋರಿ."

ಫೋನಿನ ಆ ಕಡೆ ಟಪಟಪ ಒತ್ತುವ ಸದ್ದು. ಅವನೂ ಒಂದೇ ಬೆರಳಿನವನಿರಬೇಕು ಎಂದುಕೊಂಡೆ.

"ಎಷ್ಟು ಸಲ ಹೋಗಿದ್ದೀರಿ ಅಮ್ಮಾ?" ಹೇಳಿದೆ. "ಎಷ್ಟು ಹೊತ್ತು ಮಾತಾಡ್ತಾರೆ?" ಹೇಳಿದೆ. "ಸರಿ, ಮುಂದಿನವರು…" ಎನ್ನುವುದರಲ್ಲಿ ಆಪಾ ಫೋನು ಕಸಿದುಕೊಂಡಳು.

ಅವಳ ಮಗನಿಗೆ ಗಾಡಿ ಬಡಿದ ಸುದ್ದಿ ಬಾಗಿಲು ಬಡಿದು ಬಂದಿತ್ತು. ಮಗ ಉಳಿದ, ಈಗ ಹೊಟ್ಟೆ ಬಂದು ಅಂಗಿಯ ಅಳತೆ ಎರಡು ಸಲ ದೊಡ್ಡದು ಮಾಡಿದ್ದಾಳೆ. ಆದರೆ ಯಾರೇ ಬಾಗಿಲು ಬಡಿದರೂ ಅವಳ ಕೈ ನಡುಗಿ ಹೊಲಿಗೆ ಸೊಟ್ಟಾಗುತ್ತಿತ್ತು. ನಲವತ್ತು ವರ್ಷದ ಗೆಳತಿ ನಾನು. ನನಗೆ ಇದು ಗೊತ್ತಿರಲಿಲ್ಲ. ನನ್ನ ಕುಬಸದ ತೋಳು ಸೊಟ್ಟಾದಾಗಲೆಲ್ಲ ಅವಳ ಕಣ್ಣು ಮಂಜಾಗಿವೆ ಎಂದು ಆಡಿಕೊಂಡಿದ್ದೆ. ಎಷ್ಟೋ ಸಲ ಆ ಬಾಗಿಲು ಬಡಿದವಳೂ ನಾನೇ.

ಅವಳ ಕೈಯಿಂದ ಗಿರಣಿಯವಳು ಕಸಿದಳು. ಪರರ ಗಂಡಸಿಗೆ ಏನು ಹೇಳಲಿ ಎಂದವಳೇ ಎಲ್ಲರಿಗಿಂತ ಉದ್ದ ಹೇಳಿದಳು. ಏನು ಹೇಳಿದಳೆಂದು ನಾನು ಬರೆಯುವುದಿಲ್ಲ, ಅದು ಅವಳದು. ಆಮೇಲೆ ಕಟ್ಟೆ ಒಡೆದ ಹಾಗಾಯಿತು. ಒಬ್ಬಳು ಮುಗಿಸುವುದರೊಳಗೆ ಇನ್ನೊಬ್ಬಳು. ತನ್ನದು ಹೇಳಿ ಮುಗಿಸಿದವಳು "ಒಂದ್ ಮರ್ತಿದ್ದೆ" ಎಂದು ಮತ್ತೆ ಬಂದಳು. ಮಧ್ಯೆ ಮಧ್ಯೆ ನಗು, ಮೂಗು ಒರೆಸುವುದು, ಮತ್ತೆ ನಗು. ಸಾಹೇಬ "ಒಬ್ಬೊಬ್ಬರೇ ಅಮ್ಮಾ, ದಯವಿಟ್ಟು ಒಬ್ಬೊಬ್ಬರೇ" ಎಂದು ಬೇಡಿಕೊಳ್ಳುತ್ತಿದ್ದ. ಹನ್ನೊಂದಕ್ಕೆ ಶುರುವಾದದ್ದು ಮುಗಿದಾಗ ಉಪಕೇಂದ್ರದ ನರ್ಸು ಊಟದ ಡಬ್ಬಿ ತೆರೆದಿದ್ದಳು.

"ಎಲ್ಲರದ್ದೂ ಸರಿಯಾಗಿದೆ ಅಂತ ಬರೆದಿದ್ದೇನೆ" ಎಂದ ಸಾಹೇಬ, ದಣಿದ ದನಿಯಲ್ಲಿ. "ಬಿಲ್ ಮುಂದಕ್ಕೆ ಕಳಿಸ್ತೇನೆ."

ನನಗೆ ಸುಮ್ಮನಿರಲಾಗಲಿಲ್ಲ. "ಸಾಹೇಬ್ರೇ, ನೀವು ಹೆಂಗದೀರಿ? ಖರೇ ಹೇಳ್ರಿ."

"ನನ್ನ ಕಾರ್ಡು ಬೇರೆ ಜಿಲ್ಲೆದು ಅಮ್ಮಾ" ಎಂದು ಫೋನು ಇಟ್ಟುಬಿಟ್ಟ.

ನಾವು ಕಿಟಕಿಯಲ್ಲಿ ಹನ್ನೊಂದು ಮುಖ ತುರುಕಿ ಕೈ ಬೀಸಿದೆವು. ಹುಡುಗಿಗೆ ಅದು ಬಾ ಎಂದೋ ಹೋಗು ಎಂದೋ ತಿಳಿಯದೆ ಅಲ್ಲೇ ನಿಂತಳು. ಕೊನೆಗೆ ಆಪಾ ರಸ್ತೆ ದಾಟಿ ಓಡಿಹೋಗಿ, ಅವಳ ಹೆಗಲ ಮೇಲಿನ ಚೀಲವನ್ನು ಕಸಿದು ತಾನು ಹಾಕಿಕೊಂಡು ಬಂದಳು. ಆಪಾ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳೇ ಚಿಕ್ಕವಳಿರಬಹುದು ಎಂಬ ಅನುಮಾನ ಬಂದದ್ದೂ ಆಗಲೇ, ಅವಳಿಗೆ ಹೇಳಿಲ್ಲ.

ಪಗಾರ ಬಂತು. ಬಂದ ಮಂಗಳವಾರ ಹುಡುಗಿ ಅಫಜಲಪುರದಿಂದ ಎಲ್ಲರಿಗೂ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ತಣ್ಣಗಾಗಿದ್ದವು, ಆದರೂ ಬಿಸಿ ಇವೆ ಎಂದೇ ತಿಂದೆವು. ಕರಾರೂ ಮುಂದುವರಿಯಿತು. ಕಾಕಾನ ಅಂಗಡಿಯ ಸೀರೆಗಳನ್ನು ಕಾಕಾನೇ ಮಡಚುತ್ತಿರಬೇಕು.

ಮಳೆಗಾಲವೂ ಬಂತು. ಮೋಡ ಬಂದಾಗ ಈಗಲೂ ಎದೆ ಒಂದೆರಡು ಹೊಡೆತ ಹೆಚ್ಚು ಹೊಡೆಯುತ್ತದೆ. ಆಗ ಸೊಸೆ ಬಂದು ಪಕ್ಕದಲ್ಲಿ ಕೂತು "ಅತ್ತಿ, ಎಷ್ಟು?" ಅನ್ನುತ್ತಾಳೆ. ನಾನು "ನಾಕು" ಅನ್ನುತ್ತೇನೆ. ಅವಳು ಚಹಾಕ್ಕೆ ಇಡುತ್ತಾಳೆ. ಮೂರು ಆಗುತ್ತದೆ. ಗಂಟಿನಲ್ಲಿ ಈಗ ಏನೂ ಇಲ್ಲ. ಕೌದಿಯೊಂದೇ ಉಳಿಯಿತು. ಅದನ್ನು ಒಗೆದು ಉಪಕೇಂದ್ರಕ್ಕೆ ಒಯ್ದು ಹಾಸಿದ್ದೇನೆ, ಹರಿದ ಚಾಪೆ ಚುಚ್ಚುತ್ತಿತ್ತು. ಕಾರ್ಡು, ಪಾಸ್‌ಬುಕ್ಕು ಕಪಾಟಿನ ಮೇಲಿನ ಅರೆಯಲ್ಲಿವೆ. ಅವನ್ನು ಎತ್ತರದಲ್ಲೇ ಇಡಬೇಕು ಎಂದು ಹುಡುಗಿಯೂ ಒಪ್ಪಿದಳು, ಅದು ಹೆದರಿಕೆಯಲ್ಲ, ಹೊಳೆಯ ದಂಡೆಯ ಬುದ್ಧಿ ಅಂತ.

ಹೋದ ಮಂಗಳವಾರ ಕೌದಿಯ ಮೇಲೆ ಕಾಲು ಚಾಚಿ ಕೂತು ಅವಳನ್ನು ಕೆಣಕಿದೆ.

"ಈಗ ನಾ ಖರೇನೇ ಆರಾಮಾದೆ ಬೇ. ಮುಂದಿನ ಸಲ ಸಾಹೇಬ ಕೇಳಿದ್ರ ಆರಾಮ ಅಂತೇ ಹೇಳ್ತೇನಿ. ಹನ್ನೊಂದರಾಗ ಒಂದು ಬಿಲ್ ಹೋತು ನೋಡು ನಿಂದು. ಏನ್ ಮಾಡ್ತಿ?"

ಹುಡುಗಿ ರಿಜಿಸ್ಟರಿನಿಂದ ತಲೆ ಕೂಡ ಎತ್ತಲಿಲ್ಲ.

"ನೀವು ಆರಾಮಾದ್ರ ಏನಾತ್ರೀ, ಆಯಿ? ಇಷ್ಟ್ ವರ್ಷ ನಿಮ್ಮ ಜೋಡಿ ಬಾಳ್ವೆ ಮಾಡಿದ ನಿಮ್ಮ ಸೊಸಿ ಉಳದಾಳಲ್ಲ. ಇವತ್ತ ಮುಂಜಾನೇನೇ ಬಂದು ಹೆಸರು ಬರಸ್ಯಾಳ."